ಓತಿಕೇತದ ಮೈಬಿಸಿಯೂ ವಾಸಸ್ಥಳವೂ

ನಮ್ಮ ಹೊಲಗಳ ಬೇಲಿಯಲ್ಲಿ ವಾಸಿಸತಕ್ಕ ಓತಿಕೇತವನ್ನು ಅರಿಯದ ರೈತನಿಲ್ಲ. ಕಂಡೊಡನೆ ಕಲ್ಲೆಸೆಯುವ ಹುಡುಗರಿಗೂ ಕೊರತೆಯಿಲ್ಲ. ಅದರ ಕತ್ತು ಕೆಂಪೇರುವುದನ್ನು ನೋಡಿ, ದೂರದಿಂದಲೇ ಮನುಷ್ಯರ ರಕ್ತವನ್ನು ಹೀರುವುದೆಂದು ಕೆಲವರು ಹೇಳುವರು. ಇದು ನಿರಾಧಾರವಾದ ಮಾತು. ಆ ಕೆಂಪು ಸಂತಾನಕಾಲದಲ್ಲಿ ಗಂಡಿಗೆ ಬರತಕ್ಕ ಬಣ್ಣ, ಅಷ್ಟೇ. ಮಿಡತೆ, ಇರುವೆ, ಜೀರುಂಡೆ, ಕಂಬಳಿಹುಳು ಮೊದಲಾದುವೇ ಇದರ ಮುಖ್ಯಾಹಾರವಾದುದರಿಂದ, ಇದರ ಜೀವನಕ್ರಮವನ್ನು ವ್ಯವಸಾಯಗಾರರು ತಿಳಿದಿರುವುದು ಉಚಿತವಾಗಿದೆ.

ದನಕರುಗಳೂ ನಾವೂ ತಿಂದ ಆಹಾರದ ಬಹುಭಾಗವನ್ನು ಮೈ ಬೆಚ್ಚಗಿರಿಸಿಕೊಳ್ಳುವುದಕ್ಕೇ ವ್ಯಯಮಾಡುವೆವು. ಹಲ್ಲಿಯ ಜಾತಿಯವು ಹಾಗಲ್ಲ. ಅವು ಬಿಸಿಯನ್ನು ಸೂರ್ಯನಿಂದಲೂ ಕಾದ ನೆಲದಿಂದಲೂ ಪಡೆಯುತ್ತವೆ. ಆದಕಾರಣ ಅದೇ ಗಾತ್ರದ ಇಲಿಗೆ ಬೇಕಾಗುವ ಆಹಾರದ ಹತ್ತರಲ್ಲೊಂದು ಪಾಲಿನಷ್ಟರಿಂದ ಇವು ಜೀವಿಸಬಲ್ಲವು. ಇವನ್ನು ಶೀತರಕ್ತದ ಪ್ರಾಣಿಗಳೆಂದು ಕರೆಯುವುದು ರೂಢಿಯಾದರೂ ಆ ಹೆಸರು ಸರಿಯಾದುದಲ್ಲ. ಬಿಸಿಲಿನಲ್ಲಿ ಚುರುಕಾಗಿ ಓಡಾಡುವ ಓತಿಯ ರಕ್ತವು ನಮ್ಮ ರಕ್ತದಷ್ಟೇ ಬೆಚ್ಚಗಿರಬಹುದು.

ಸುತ್ತಲಿನ ಗಾಳಿ ಎಷ್ಟು ಬಿಸಿಯೋ ಇವುಗಳ ಮೈಯೂ ಅಷ್ಟೇ ಬಿಸಿಯೆಂದು ಹಿಂದೆ ಪಂಡಿತರು ಎಣಿಸಿದ್ದರು. ಕೌಲ್ಸ್ ಮತ್ತು ಬೋಗರ್ಟ್ ಎಂಬ ಅಮೆರಿಕದ ವಿದ್ವಾಂಸರು ಮರುಭೂಮಿಯ ಸರೀಸೃಪಗಳ ಮೈಯ ಉಷ್ಣತೆಯನ್ನು ಅಳೆದು, 1944ರಲ್ಲಿ ಪ್ರಕಟಿಸಿದ ಲೇಖನದಿಂದ ಆ ಎಣಿಕೆ ತಪ್ಪೆಂದು ಸ್ಪಷ್ಟವಾಯಿತು. ಹಗಲು ಸಂಚರಿಸುವ ಹಲವು ಹಲ್ಲಿಗಳು ಬಿಸಿಲು ನೆರಳುಗಳ ನಡುವೆ ಹೋಗಿಬರುತ್ತ ಮೈಬಿಸಿಯನ್ನು ಸುಮಾರು 35ರಿಂದ 40 ಡಿಗ್ರಿ ಸೆಂಟಿಗ್ರೇಡಿನೊಳಗೆ ಕಾಪಾಡಿಕೊಳ್ಳುತ್ತವೆ. ಇದಕ್ಕಿಂತ ಕೆಲವೇ ಡಿಗ್ರಿ ಏರಿದರೆ ಸಾವು. ನೆರಳಿಗೆ ಹೋಗದಂತೆ ಕಟ್ಟಿಹಾಕಿದ ಹಲ್ಲಿಯು ಮರುಭೂಮಿಯ ಬಿಸಿಲಿನಲ್ಲಿ ಕೆಲವು ನಿಮಿಷಗಳಲ್ಲೇ ಸಾಯುವುದು.

ಇದನ್ನು ನಮ್ಮ ಹೊಲದಲ್ಲೇ ಪರೀಕ್ಷಿಸಿ ನೋಡಬಹುದು. ಬೆಳಗ್ಗೆ ಓತಿಯು ಬೇಲಿಗೂಟದ ತುದಿಗೇರಿ, ಮೈಯನ್ನು ಚಪ್ಪಟೆ ಮಾಡಿ, ಪಕ್ಕವನ್ನು ಸೂರ್ಯನಿಗೊಡ್ಡಿ ಕುಳಿತಿರುತ್ತದೆ. ಆಗ ಬಣ್ಣವೂ ಕಪ್ಪಾಗಿರುವುದುಂಟು. ಕಪ್ಪು ಬಣ್ಣವು ಬಿಸಿಯನ್ನು ಹೆಚ್ಚಾಗಿ ಹೀರುವುದಷ್ಟೆ. ಮೈ ಕಾದೊಡನೆ ಬಣ್ಣ ತಿಳಿಯಾಗಿ ಬೇಟೆಗೆ ಹೊರಡುವುದು. ನಡುಹಗಲಿನಲ್ಲಿ ಹುಡುಕಿದರೆ ಎಲೆಯ ಮರೆಯಲ್ಲಿರುತ್ತದೆ. ಓತಿಕೇತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆಯನ್ನು ಕಟ್ಟಿದವರು ಈ ಪ್ರಾಣಿಯನ್ನು ಚೆನ್ನಾಗಿ ಗಮನಿಸಿದ್ದಿರಬೇಕು.

ರಾಮನಗರ, ಚಿತ್ರದುರ್ಗಗಳ ಬಂಡೆಗಳ ಮೇಲಿನ ಕಲ್ಲೋತಿಗೆ ಬಂಡೆಯೇ ಒಲೆ, ಅದರ ಬಿರುಕೇ ನೆರಳು. ಹಾವುರಾಣಿಯು ತರಗೆಲೆಯ ಕೆಳಗೆ ಸೇರುವುದು. ಮನೆಯ ಹಲ್ಲಿಯು ಇರುಳಿನ ಬೇಟೆಗಾರ. ಹಗಲು ಕಾದ ಗೋಡೆಯ ಬಿಸಿ ಅದಕ್ಕೆ ಒದಗುವುದು.

ಇವುಗಳಿಗೆ ಬೇಕಾದುದು ಬಿಸಿಲೊಂದೇ ಅಲ್ಲ. ಹತ್ತಿರವೇ ನೆರಳೂ ಇರಬೇಕು. ನೆರಳಿಲ್ಲದಿದ್ದರೆ ಬಿಸಿಲೇರಿದ ಮೇಲೆ ಬಿಲವನ್ನು ಬಿಟ್ಟು ಬರಲಾಗದೆ, ಬೇಟೆಗೆ ಹೊತ್ತು ಸಾಲದೆ ಸೊರಗುವುವು. ಮೆಕ್ಸಿಕೋ ದೇಶದಲ್ಲಿ 200 ಸ್ಥಳಗಳನ್ನು ಪುನಃ ಶೋಧಿಸಿದ ವಿಜ್ಞಾನಿಗಳು, ಒಂದು ವರ್ಗದ ಹಲ್ಲಿಗಳ ಸ್ಥಳೀಯ ಗುಂಪುಗಳಲ್ಲಿ ನೂರಕ್ಕೆ 12ರಷ್ಟು 1975ರಿಂದೀಚೆಗೆ ಅಳಿದುವೆಂದು 2010ರಲ್ಲಿ ವರದಿಮಾಡಿದರು. ಸಂತಾನಕಾಲದಲ್ಲಿ ಬೇಟೆಯ ಹೊತ್ತು ಕುಗ್ಗಿದುದೇ ಕಾರಣವೆಂದು ಅವರ ಅಭಿಪ್ರಾಯ.

ಓತಿಗಳಿಂದಲೇ ಕೀಟಬಾಧೆ ತೀರುವುದೆಂದು ನಾನು ಹೇಳಲಾರೆನು. ಅವು ಜೇನುಹುಳುವನ್ನೂ ತಿನ್ನುತ್ತವೆ. ಆದರೂ ಬದುಗಳ ಪೊದೆಗಳನ್ನೆಲ್ಲ ಒಮ್ಮೆಗೇ ಸವರಿ ಬೆಂಕಿಯಿಡುವ ಪದ್ಧತಿ ನಷ್ಟಕರವಾದುದು. ಬೇಲಿಯನ್ನು ಒಂದು ವರ್ಷ ಒಂದು ಪಕ್ಕ, ಮರುವರ್ಷ ಇನ್ನೊಂದು ಪಕ್ಕ ಸವರತಕ್ಕದ್ದು. ಹೊಲದಿಂದಾಯ್ದ ಕಲ್ಲುಗಳನ್ನು ಬದುವಿನ ಮೂಲೆಯಲ್ಲಿ ಗುಡ್ಡೆ ಹಾಕಿದರೆ ಸಾಕು, ಹಾವುರಾಣಿಗಳು ತಾವಾಗಿಯೇ ಬರುವುವು. ಹಾವೂ ಬರಬಹುದಾದುದರಿಂದ ಗುಡ್ಡೆಯು ಮನೆಗೆ ದೂರವಿರಲಿ. ಮಳೆಗಾಲದಲ್ಲಿ ಹೆಣ್ಣು ಓತಿಯು ಬೇಲಿಯ ಬುಡದ ಸಡಿಲ ಮಣ್ಣಿನಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು ಮುಚ್ಚುವುದು. ಮರಿಯಾಗುವುದಕ್ಕೆ ಆರೇಳು ವಾರಗಳು ಬೇಕು. ಆವರೆಗೆ ಅಲ್ಲಿ ಗುದ್ದಲಿ ಹಾಕದಿರುವುದು ಲೇಸು.