ಎದುರಿನವರ ಮಾತು ಮೊದಲು ಬರೆ

ತಂಗಿ, ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ಒದಗಿಸುವ ಸೊಪ್ಪಿನ ಬೆಟ್ಟದ ಬಗ್ಗೆ ನೀನು ಬರೆದ ಅಧ್ಯಾಯ ಓದಿದೆ. ಊರಿನ ಮೇಲಿನ ಪ್ರೀತಿ ಸಾಲುಸಾಲಿನಲ್ಲೂ ಕಾಣುತ್ತದೆ. ಆದರೆ ನಿನ್ನ ಪ್ರಬಂಧ ನೋಡುವ ಪರೀಕ್ಷಕರು ನಮ್ಮ ಬೆಟ್ಟ ಹತ್ತಿದವರಲ್ಲ. ಅವರನ್ನು ಒಪ್ಪಿಸುವುದಕ್ಕೆ ಪ್ರೀತಿ ಸಾಲದು, ಆಧಾರ ಬೇಕು.

ಮೊದಲ ಪುಟದಲ್ಲೇ ‘ಶಿರಸಿ, ಸಿದ್ದಾಪುರದ ಬೆಳೆಗಾರರು ಬೆಟ್ಟವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ’ ಎಂದಿದ್ದೀಯ. ಯಾವ ಬೆಳೆಗಾರರು, ಯಾವ ಬೆಟ್ಟ? ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದಲ್ಲಿ. ಅದರಲ್ಲಿ ಮತ್ತಿ, ಹೊನ್ನೆ ತುಂಬಿ ನಿಂತ ಬೆಟ್ಟವೂ ಇದೆ, ಸವರಿ ಸವರಿ ಬೋಳಾದದ್ದೂ ಇದೆ. ಬೋಳು ಬೆಟ್ಟ ಕಂಡ ಒಬ್ಬರು ಸಾಕು, ನಿನ್ನ ವಾಕ್ಯ ಬಿದ್ದುಹೋಗುತ್ತದೆ. ಬದಲಿಗೆ, ಒಂದೇ ಮನೆಯವರ ಬೆಟ್ಟಕ್ಕೂ ಹಲವರ ಜಂಟಿ ಬೆಟ್ಟಕ್ಕೂ ಮರಗಳಲ್ಲಿ ವ್ಯತ್ಯಾಸವಿದೆಯೇ ಎಂದು ಕೇಳು. ಊರೂರು ತಿರುಗಿ ಮರ ಎಣಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ. ನೀನಂದುಕೊಂಡದ್ದಕ್ಕೆ ವಿರುದ್ಧವಾಗಿ ಬಂದರೂ ಅದನ್ನೇ ಬರೆಯಬೇಕು.

ವಾದ ಕಟ್ಟುವುದು ಹೇಗೆಂದು ನಮ್ಮ ಹಿಂದಿನವರೇ ತೋರಿಸಿದ್ದಾರೆ. ಬೇಡ್ತಿ ನದಿಯ ಜಲವಿದ್ಯುತ್ ಯೋಜನೆ ಬಂದಾಗ ತೋಟ, ಕಾಡು ಮುಳುಗುವ ಸಂಕಟ ಯಲ್ಲಾಪುರ, ಶಿರಸಿಯ ಮನೆಮನೆಯಲ್ಲಿತ್ತು. ಅವರು ಸಂಕಟ ಹೇಳಿಕೊಂಡು ಸುಮ್ಮನಾಗಲಿಲ್ಲ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ವಿಜ್ಞಾನಿಗಳ ನೆರವು ಪಡೆದು ಯೋಜನೆಯ ಲಾಭ, ವೆಚ್ಚದ ಲೆಕ್ಕವನ್ನೇ ಹಾಕಿಸಿತು. 1981ರಲ್ಲಿ ಶಿರಸಿಯಲ್ಲೇ ವಿಚಾರ ಸಂಕಿರಣ ನಡೆಯಿತು. ಬರುವ ವಿದ್ಯುತ್ತಿನ ಬೆಲೆ ಒಂದು ಕಡೆ, ಮುಳುಗುವ ತೋಟ, ಕಾಡಿನ ಬೆಲೆ ಇನ್ನೊಂದು ಕಡೆ. ಯೋಜನೆ ಮಾಡಿದವರ ಅಳತೆಗೋಲಿನಲ್ಲೇ ಅಳೆದದ್ದರಿಂದ ಇದು ಬರೀ ಭಾವುಕತೆ ಎಂದು ಬದಿಗೊತ್ತುವುದು ಕಷ್ಟವಾಯಿತು. ಮುಂದೆ ಯೋಜನೆಯನ್ನು ಕೈಬಿಡಲಾಯಿತು. ಅದರ ಹಿಂದೆ ಜನರ ಹೋರಾಟದ ಒತ್ತಡವೂ ಇತ್ತು. ಲೆಕ್ಕವೊಂದೇ ಗೆದ್ದಿತೆಂದು ಬರೆದರೆ ಅದೂ ಆಧಾರ ಮೀರಿದ ಮಾತಾಗುತ್ತದೆ.

ಈಗ ನಿನ್ನ ಅಧ್ಯಾಯಕ್ಕೆ ಬಾ. ಅದರಲ್ಲಿ ಅರಣ್ಯ ಇಲಾಖೆಯವರ ಬಗ್ಗೆ ಇರುವುದು ಒಂದೇ ಸಾಲು, ಅದೂ ಬೈಗುಳ. ತಾಳಮದ್ದಲೆ ಕೇಳಿ ಬೆಳೆದವಳು ನೀನು. ವಾಲಿವಧೆಯ ಪ್ರಸಂಗದಲ್ಲಿ ವಾಲಿಯ ಪ್ರಶ್ನೆ ಸಪ್ಪೆಯಾದರೆ ರಾಮನ ಉತ್ತರಕ್ಕೆ ತೂಕ ಬರುತ್ತದೆಯೇ? ವರ್ಷವರ್ಷ ಸೊಪ್ಪು ಸವರಿದರೆ ಮರ ಏಳುವುದಿಲ್ಲ, ದರಕು ಗುಡಿಸಿದರೆ ಕಾಡಿನ ಮಣ್ಣು ಸೊರಗುತ್ತದೆ ಎಂಬ ಇಲಾಖೆಯವರ ವಾದವನ್ನು ಅವರೇ ಓದಿ ತಲೆಯಾಡಿಸುವಷ್ಟು ಪೂರ್ತಿಯಾಗಿ ಬರೆ. ಆಮೇಲೆ ನಿನ್ನ ಎಣಿಕೆ ಮುಂದಿಡು. ಅವರ ಮಾತಿನಲ್ಲಿ ಒಪ್ಪುವಂಥದ್ದಿದ್ದರೆ ಒಪ್ಪಿಕೋ.

1883ರ ಕೆನರಾ ಗೆಜೆಟಿಯರ್‌ನಿಂದ ತೆಗೆದುಕೊಂಡ ಕಡೆಯಲ್ಲೆಲ್ಲ ಪುಟಸಂಖ್ಯೆ ಹಾಕು. ಅದನ್ನು ಸಿದ್ಧಪಡಿಸಿದ್ದು ಬ್ರಿಟಿಷ್ ಆಡಳಿತ. ಅದು ಯಾರನ್ನು ಕೇಳಿತು, ಯಾರನ್ನು ಬಿಟ್ಟಿತು ಎಂಬುದನ್ನೂ ಯೋಚಿಸು. ಸಿದ್ದಾಪುರದ ಕಡೆಯ ಬೆಟ್ಟಗಳ ಎಣಿಕೆಯನ್ನು ಮಳೆ ಹಿಡಿಯುವ ಮೊದಲೇ ಮುಗಿಸಿಕೋ, ಆಮೇಲೆ ಉಂಬಳದ (ಜಿಗಣೆಯ) ಕಾಟ. ತಿದ್ದಿದ ಪ್ರತಿ ಕಳಿಸು, ಮತ್ತೆ ಓದುತ್ತೇನೆ.