ಹೊಸ ಕಾರಿಗೆ ಸಿಂಥೆಟಿಕ್ ಆಯಿಲ್ ಯಾವಾಗ ಹಾಕಿಸಬೇಕು?

ಹುತ್ರಿದುರ್ಗ ಹೋಬಳಿಯ ಯಾವ ಊರಿಗೆ ಹೊಸ ಕಾರು ಬಂದರೂ ಪೂಜೆ ಮುಗಿಯುವಷ್ಟರಲ್ಲಿ ಸಲಹೆಗಳು ಶುರುವಾಗುತ್ತವೆ. “ಐದು ಸಾವಿರ ಕಿಲೋಮೀಟರ್ ಆಗೋ ತನಕ ಸಿಂಥೆಟಿಕ್ ಹಾಕಿಸಬೇಡಿ, ರಿಂಗು ಕೂರಲ್ಲ” ಅಂತ ಒಬ್ಬರು. “ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಸರಿ” ಅಂತ ಇನ್ನೊಬ್ಬರು. ಹಳೆಯ ಜೀಪು, ಟ್ರ್ಯಾಕ್ಟರ್‌ಗಳ ಜೊತೆ ದುಡಿದವರ ಅನುಭವದ ಮಾತುಗಳಿವು. ಅವರ ಕಾಲಕ್ಕೆ ಸರಿಯಾಗಿಯೇ ಇದ್ದವು. ಈಗಿನ ಕಾರಿಗೆ ಮಾತ್ರ ಎರಡೂ ಹೊಂದುವುದಿಲ್ಲ.

ಹಂತ 1: ಒಳಗೆ ಈಗ ಯಾವ ಆಯಿಲ್ ಇದೆ ನೋಡಿ

ಕಾರಿನ ಜೊತೆ ಕೊಟ್ಟ ಮ್ಯಾನುವಲ್ ತೆಗೆದು ಇಂಜಿನ್ ಆಯಿಲ್‌ನ ಪುಟ ಹುಡುಕಿ. ಅಲ್ಲಿ 0ಡಬ್ಲ್ಯೂ-16, 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಎಂಬಂತೆ ಒಂದು ಗ್ರೇಡ್ ಇರುತ್ತದೆ. ಡಬ್ಲ್ಯೂಗೆ ಮುಂಚಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ, ಸಣ್ಣದಿದ್ದಷ್ಟೂ ಸಲೀಸು. ನಂತರದ್ದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಉಳಿಸಿಕೊಳ್ಳುವ ದಪ್ಪ.

ಪುಸ್ತಕದಲ್ಲಿ ಸೊನ್ನೆಯಿಂದ ಶುರುವಾಗುವ ಗ್ರೇಡ್ ಇದ್ದರೆ ನಿಮ್ಮ ಪ್ರಶ್ನೆ ಅಲ್ಲಿಗೇ ಮುಗಿಯಿತು. ಅಷ್ಟು ತೆಳುವಾದ ಆಯಿಲನ್ನು ಸಾಮಾನ್ಯ ಮಿನರಲ್ ಎಣ್ಣೆಯಿಂದ ತಯಾರಿಸಲು ಆಗುವುದಿಲ್ಲ. ಅಂದರೆ ಅಂಥ ಕಾರು ಸಿಂಥೆಟಿಕ್‌ನಲ್ಲೇ ಓಡಬೇಕಾದದ್ದು; ಬದಲಾಯಿಸಲು ಏನೂ ಉಳಿದಿಲ್ಲ. ಮುಂದೆಯೂ ಅದೇ ಗ್ರೇಡ್ ಹಾಕಿಸುತ್ತಾ ಹೋಗಿ. 5ಡಬ್ಲ್ಯೂ-30 ಇದ್ದರೆ ಸೆಮಿ ಸಿಂಥೆಟಿಕ್ಕೋ ಫುಲ್ ಸಿಂಥೆಟಿಕ್ಕೋ ಎಂದು ಶೋರೂಮಿನ ಸರ್ವಿಸ್ ಅಡ್ವೈಸರನ್ನು ಕೇಳಿ, ಸಾಧ್ಯವಾದರೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಹಂತ 2: ರಿಂಗ್ ಕೂರುವ ಭಯ ಬಿಡಿ

ಹಿಂದೆ ಸಿಲಿಂಡರಿನ ಒಳಗೋಡೆ ಒರಟಾಗಿರುತ್ತಿತ್ತು. ಪಿಸ್ಟನ್ ರಿಂಗು ಅದಕ್ಕೆ ಉಜ್ಜಿ ಉಜ್ಜಿ ಹೊಂದಿಕೊಳ್ಳಲು ಸಾವಿರಾರು ಕಿಲೋಮೀಟರ್ ಬೇಕಾಗುತ್ತಿತ್ತು. ಈಗ ಆ ಗೋಡೆಯ ಏಣುಗಳನ್ನು ಕಾರ್ಖಾನೆಯಲ್ಲೇ ತರಿದು, ಆಯಿಲ್ ನಿಲ್ಲುವಷ್ಟು ಸಣ್ಣ ಗೀರುಗಳನ್ನು ಮಾತ್ರ ಉಳಿಸುತ್ತಾರೆ. ಹೊಂದಿಕೊಳ್ಳುವ ಕೆಲಸ ಬೇಗ ಮುಗಿಯುತ್ತದೆ. ಅಮೆರಿಕದ ಕಾರ್ವೆಟ್ ಕಾರು 1992ರಿಂದಲೇ ಸಿಂಥೆಟಿಕ್ ತುಂಬಿಕೊಂಡು ಕಾರ್ಖಾನೆಯಿಂದ ಹೊರಬರುತ್ತಿದೆ. ರಿಂಗು ಕೂರುವುದಕ್ಕೆ ಅದು ಅಡ್ಡಿಯಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಆದರೂ ಮೊದಲ 1,000 ಕಿಲೋಮೀಟರ್ ಜೋಪಾನ. ಕುಣಿಗಲ್ ದಾಟಿ ಹಾಸನದ ಕಡೆ ರಾಷ್ಟ್ರೀಯ ಹೆದ್ದಾರಿ 75ಕ್ಕೆ ಇಳಿದರೆ ಆಕ್ಸಿಲರೇಟರ್ ಒತ್ತುವ ಆಸೆ ಯಾರಿಗಾದರೂ ಆಗುತ್ತದೆ. ಪೂರ್ತಿ ಒತ್ತಬೇಡಿ, ಗಂಟೆಗಟ್ಟಲೆ ಒಂದೇ ವೇಗದಲ್ಲೂ ಓಡಿಸಬೇಡಿ. ಮಾಗಡಿ ರಸ್ತೆಯ ಏರು ತಗ್ಗುಗಳು ಹೊಸ ಇಂಜಿನ್ನಿಗೆ ಒಳ್ಳೆಯ ದಾರಿ. ಅಲ್ಲಿ ಗೇರು, ವೇಗ ತಾವಾಗಿಯೇ ಬದಲಾಗುತ್ತಿರುತ್ತವೆ.

ಹಂತ 3: ಮೊದಲ ನಿಗದಿತ ಆಯಿಲ್ ಚೇಂಜ್‌ನಲ್ಲೇ ಬದಲಾಯಿಸಿ

ಕಾರಿನಲ್ಲಿ ಮಿನರಲ್ ಅಥವಾ ಸೆಮಿ ಸಿಂಥೆಟಿಕ್ ಇದ್ದು, ಮ್ಯಾನುವಲ್ ಫುಲ್ ಸಿಂಥೆಟಿಕ್‌ಗೆ ಒಪ್ಪಿದ್ದರೆ ಸರಿಯಾದ ಸಮಯ ಇದೇ. ಹಲವು ಕಂಪನಿಗಳ ಮೊದಲ ಉಚಿತ ಸರ್ವಿಸ್ 1,000 ಕಿಲೋಮೀಟರಿಗೋ ಒಂದು ತಿಂಗಳಿಗೋ ಬರುತ್ತದೆ. ಅದು ಸಾಮಾನ್ಯವಾಗಿ ತಪಾಸಣೆ ಮಾತ್ರ. ಆಯಿಲ್ ಇಳಿಸುವುದು ಆಮೇಲೆ, ಹೆಚ್ಚಿನ ಕಾರುಗಳಲ್ಲಿ 10,000 ಕಿಲೋಮೀಟರಿಗೆ ಅಥವಾ ಒಂದು ವರ್ಷಕ್ಕೆ, ಯಾವುದು ಮೊದಲೋ ಅದು. ಊರಲ್ಲೇ ಓಡಾಡುವ ಕಾರಿಗೆ ವರ್ಷವೇ ಮೊದಲು ತುಂಬುತ್ತದೆ. ಕಿಲೋಮೀಟರ್ ಆಗಿಲ್ಲವೆಂದು ಮುಂದೂಡಬೇಡಿ.

ಇದಕ್ಕೆ ಕಾರಣವಿದೆ. ಡೇರಿಗೆ, ಶಾಲೆಗೆ, ಸಂತೆಪೇಟೆಗೆ ಎಂದು ಎರಡು ಮೂರು ಕಿಲೋಮೀಟರ್ ಹೋಗಿಬಂದರೆ ರೇಡಿಯೇಟರಿನ ನೀರು ಬಿಸಿಯಾದರೂ ಆಯಿಲ್ ಪೂರ್ತಿ ಬಿಸಿಯಾಗಿರುವುದಿಲ್ಲ. ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲಿನ ಅಂಶ ಹಾಗೇ ಉಳಿಯುತ್ತವೆ. ಜೊತೆಗೆ ಮಣ್ಣುರಸ್ತೆಯ ಧೂಳು. ಮ್ಯಾನುವಲ್‌ನಲ್ಲಿ ಕಠಿಣ ಬಳಕೆ ಎಂದು ಬರೆದಿರುವುದು ಇಂಥದ್ದನ್ನೇ, ಅದಕ್ಕೆ ಅವಧಿಯೂ ಕಡಿಮೆ. ಸಿಂಥೆಟಿಕ್ ಹಾಕಿಸಿದ್ದೇವೆಂದು ಆ ಅವಧಿಯನ್ನು ಹಿಗ್ಗಿಸುವಂತಿಲ್ಲ.

ಹಂತ 4: ಡಬ್ಬಿಯ ಹಿಂಭಾಗ ಓದಿ

ಎದುರಿನ ದೊಡ್ಡ ಅಕ್ಷರಗಳನ್ನು ನಂಬಿ ಕೊಳ್ಳಬೇಡಿ. ಹಿಂದೆ ಗ್ರೇಡ್, ಎಪಿಐ ದರ್ಜೆ ಎರಡೂ ಮ್ಯಾನುವಲ್‌ಗೆ ತಾಳೆಯಾಗಬೇಕು. ಪೆಟ್ರೋಲ್ ಇಂಜಿನ್ನಿಗೆ 2020ರಲ್ಲಿ ಬಂದ ಎಸ್‌ಪಿ ದರ್ಜೆ ಅದಕ್ಕಿಂತ ಹಿಂದಿನ ಎಸ್‌ಎನ್ ಜಾಗಕ್ಕೂ ಸಲ್ಲುತ್ತದೆ. ಡೀಸೆಲ್ ಕಾರಿನವರು ಇನ್ನೂ ಎಚ್ಚರವಾಗಿರಬೇಕು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮಕ್ಕಾಗಿ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಮಸಿ ಅಲ್ಲೇ ಉರಿದುಹೋಗುತ್ತದೆ. ಆಯಿಲ್‌ನ ಬೂದಿ ಉರಿಯುವುದಿಲ್ಲ, ಕೂತು ಕಟ್ಟುತ್ತದೆ. ಪುಸ್ತಕ ಹೇಳಿದ ಕಡಿಮೆ ಬೂದಿಯ ಆಯಿಲ್ ಬಿಟ್ಟು ಬೇರೆ ಹಾಕಿಸಿದರೆ ಆ ದುಬಾರಿ ಫಿಲ್ಟರೇ ಹಾಳು.

ಟ್ರ್ಯಾಕ್ಟರಿಗೆ ತಂದ 20ಡಬ್ಲ್ಯೂ-40 ಮಿಕ್ಕಿದೆ ಎಂದು ಕಾರಿಗೆ ಸುರಿಯಬೇಡಿ. ಬೇಸಿಗೆಯ ಬಿಸಿಲು ಎಷ್ಟಿದ್ದರೂ ಇಂಜಿನ್ ಒಳಗಿನ ಬಿಸಿಯ ಮುಂದೆ ಅದು ಲೆಕ್ಕಕ್ಕಿಲ್ಲ. ಕಿರಿದಾದ ದಾರಿಗಳಲ್ಲಿ ದಪ್ಪ ಆಯಿಲ್ ತಡವಾಗಿ ತಲುಪುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲೇ ಸವೆತ ಹೆಚ್ಚು.

ಹಂತ 5: ಬದಲಾಯಿಸುವಾಗ ಎದುರಿಗೆ ನಿಲ್ಲಿ

ಇಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸಿಸಿ. ಫಿಲ್ಟರ್ ಹೊಸದಾಗಿರಲಿ, ಡ್ರೈನ್ ಬೋಲ್ಟಿನ ವಾಷರ್ ಕೂಡ. ಮಿನರಲ್ಲಿಂದ ಸಿಂಥೆಟಿಕ್‌ಗೆ ಹೋಗುವಾಗ ಫ್ಲಶ್ ಮಾಡಿಸುವ ಅಗತ್ಯವಿಲ್ಲ. ಎರಡೂ ಬೆರೆಯುತ್ತವೆ, ತಳದಲ್ಲಿ ಉಳಿದ ಅಷ್ಟಿಷ್ಟರಿಂದ ತೊಂದರೆಯಿಲ್ಲ. ಸೀಲ್ ಒಡೆಯುವುದನ್ನು ಕಣ್ಣಾರೆ ನೋಡಿ. ಖಾಲಿ ಡಬ್ಬಿಯನ್ನು ತೂತು ಮಾಡಿ ಬಿಡಿ, ನಕಲಿ ತುಂಬುವವರ ಕೈಗೆ ಸಿಗದಿರಲಿ. ಬಿಲ್ ಕಳೆಯಬೇಡಿ, ವಾರಂಟಿಗೆ ಅದೇ ಆಧಾರ.

ಸಣ್ಣ ಪೆಟ್ರೋಲ್ ಕಾರಿಗೆ ಮೂರರಿಂದ ಮೂರೂವರೆ ಲೀಟರ್ ಸಾಕಾಗುತ್ತದೆ. ಸಮತಟ್ಟಾದ ಜಾಗದಲ್ಲಿ ಇಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಮಟ್ಟ ಎರಡು ಗುರುತುಗಳ ನಡುವೆ, ಮೇಲಿನ ಗುರುತಿಗೆ ಹತ್ತಿರ ಇರಬೇಕು, ಅದನ್ನು ಮೀರಬಾರದು.

ಹಂತ 6: ಹಳೇ ಆಯಿಲ್

ಮನೆಗೆ ತರಬೇಡಿ, ಹೊಲದ ಬದುವಿಗೆ, ಕಾಲುವೆಗೆ ಚೆಲ್ಲಬೇಡಿ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹಸುವಿನ ಗಾಯಕ್ಕೆ ಹಚ್ಚುವ ರೂಢಿಯನ್ನೂ ನಿಲ್ಲಿಸಬೇಕು. ಇಳಿಸಿದ್ದನ್ನು ಸರ್ವಿಸ್ ಸೆಂಟರಿನ ಡ್ರಮ್ಮಿಗೇ ಬಿಡಿ. ಅಲ್ಲಿಂದ ಅದು ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೆ ಹೋಗಬೇಕು. ಹಾಗೆ ಕಳಿಸುತ್ತಾರೆಯೇ ಎಂದು ಕೇಳಲು ಹಿಂಜರಿಯಬೇಡಿ.