ಮರಳಿಗಿಳಿದ ಕಬಡ್ಡಿ

2008ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಇಂಡೊನೇಷ್ಯದ ಬಾಲಿ ದ್ವೀಪದಲ್ಲಿ ಮೊದಲನೆಯ ಏಷ್ಯನ್ ಬೀಚ್ ಕ್ರೀಡಾಕೂಟ ಜರುಗಿತು. ಕಡಲದಂಡೆಯ ಆಟಗಳಿಗೆಂದೇ ಏಷ್ಯದ ರಾಷ್ಟ್ರಗಳು ಹೀಗೆ ಒಂದು ಕ್ರೀಡಾಕೂಟದಲ್ಲಿ ಕೂಡಿದುದು ಅದೇ ಮೊದಲು. ಆ ಆಟಗಳ ಪಟ್ಟಿಯಲ್ಲಿ ನಮ್ಮ ಕಬಡ್ಡಿಯೂ ಸೇರಿದ್ದಿತು. ಪುರುಷರ ವಿಭಾಗದ ಸುವರ್ಣಪದಕವೂ ಮಹಿಳೆಯರ ವಿಭಾಗದ ಸುವರ್ಣಪದಕವೂ ಭಾರತಕ್ಕೆ ದೊರೆತುವು.

ಕಬಡ್ಡಿ ಹೊಸ ಆಟವೇನೂ ಅಲ್ಲ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ನಡೆದಾಗ ಅಮರಾವತಿಯ ವ್ಯಾಯಾಮಶಾಲೆಯ ತರುಣರು ಅದನ್ನು ಅಲ್ಲಿ ಆಡಿ ತೋರಿಸಿದ್ದರು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಆಟವಾಯಿತು. ಆದರೆ ಏಳು ಮಂದಿ ಇಳಿಯುವಲ್ಲಿ ನಾಲ್ವರು ಇಳಿದು, ಗಟ್ಟಿ ನೆಲವಿದ್ದಲ್ಲಿ ಸಡಿಲ ಮರಳು ಬಂದ ಮೇಲೆ ಅದನ್ನು ಹಳೆಯ ಆಟವೆನ್ನಬೇಕೆ, ಹೊಸ ಆಟವೆನ್ನಬೇಕೆ? ಹೊಸ ಆಟವೆಂದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ಆಟದ ನಿಯಮಗಳಿಗಿಂತ ಹೆಚ್ಚಾಗಿ ಮರಳಿನ ಸ್ವಭಾವದಲ್ಲಿ ಹುಡುಕಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ವಿದ್ಯಾರ್ಥಿಗಳು ಇದನ್ನು ಓದಿ, ‘ಸಮುದ್ರವೆಲ್ಲಿ, ನಾವೆಲ್ಲಿ!’ ಎಂದು ನಕ್ಕಾರು. ಕಡಲು ಅವರ ಊರುಗಳಿಂದ 250 ಕಿಲೋಮೀಟರಿಗೂ ಹೆಚ್ಚು ದೂರ. ಕಾಲ ಕೆಳಗಿರುವುದು ಎರೆಭೂಮಿ. ಆದರೆ ಈ ಆಟಕ್ಕೆ ಬೇಕಾದುದು ಕಡಲಲ್ಲ, ಮರಳು. ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆಯೂ ಮುದ್ದೇಬಿಹಾಳದ ಬದಿಯಲ್ಲಿ ಕೃಷ್ಣೆಯೂ ಹರಿಯುತ್ತವೆ. ಮರಳಿನ ವಿಜ್ಞಾನವನ್ನು ಕಲಿಯಲು ಬಾಲಿಗೇ ಹೋಗಬೇಕಾದುದಿಲ್ಲ.

ಮೊದಲು ಓಟವನ್ನು ನೋಡೋಣ. ಓಡುವವನು ಕಾಲಿನಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತಾನೆ. ನೆಲ ಅಷ್ಟೇ ಬಲದಿಂದ ಅವನನ್ನು ಮುಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಗಟ್ಟಿ ನೆಲ ಈ ಮರುತಳ್ಳನ್ನು ಒಡನೆಯೇ ಕೊಡುತ್ತದೆ. ಮರಳಾದರೋ ಮೊದಲು ಜಾರುತ್ತದೆ. ಕಣಗಳು ಒಂದನ್ನೊಂದು ಉಜ್ಜುತ್ತ ಸರಿದು, ಪಾದದ ಹಿಂದೆ ಒಂದಿಷ್ಟು ಗುಡ್ಡೆಯಾದ ಮೇಲಷ್ಟೇ ಎದುರುಬಲ ಹುಟ್ಟುತ್ತದೆ. ಆ ಉಜ್ಜಾಟದಲ್ಲಿ ಶಕ್ತಿ ಶಾಖವಾಗಿ ಪೋಲಾಗುವುದು. ಬೆಲ್ಜಿಯಮ್ಮಿನ ಲೆಜ್ಯೂನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಅದೇ ವೇಗದಲ್ಲಿ ಗಟ್ಟಿ ನೆಲದ ಮೇಲೆ ನಡೆಯುವುದಕ್ಕಿಂತ ಮರಳಿನ ಮೇಲೆ ನಡೆಯಲು 2.1ರಿಂದ 2.7 ಪಟ್ಟು ಶಕ್ತಿ ಬೇಕು, ಓಡಲು 1.6 ಪಟ್ಟು. ಅವರು ಕಂಡ ಇನ್ನೊಂದು ಸಂಗತಿ ಹೆಚ್ಚು ಸ್ವಾರಸ್ಯವಾದುದು. ಓಟದಲ್ಲಿ ಈ ಹೆಚ್ಚಳದ ಬಹುಪಾಲು ಮರಳನ್ನು ಸರಿಸುವುದಕ್ಕಾಗಿ ಆದುದಲ್ಲ. ಹಿಮ್ಮಡಿಯ ಮೇಲಣ ಸ್ನಾಯುರಜ್ಜು ಗಟ್ಟಿ ನೆಲದ ಮೇಲೆ ಸ್ಪ್ರಿಂಗಿನಂತೆ ಎಳೆದುಕೊಂಡು ಮತ್ತೆ ಚಿಮ್ಮುತ್ತದೆ. ಹಿಂದಿನ ಹೆಜ್ಜೆಯ ಶಕ್ತಿಯಲ್ಲಿ ಒಂದು ಪಾಲು ಮುಂದಿನ ಹೆಜ್ಜೆಗೆ ಪುಕ್ಕಟೆಯಾಗಿ ದೊರೆಯುತ್ತದೆ. ಮರಳಿನಲ್ಲಿ ಈ ಉಳಿತಾಯ ಕೈತಪ್ಪುವುದರಿಂದ ಸ್ನಾಯುಗಳೇ ಆ ಕೆಲಸವನ್ನು ಮಾಡಬೇಕಾಗುತ್ತದೆ.

ಈಗ ಕಬಡ್ಡಿಯ ದಾಳಿಗಾರನನ್ನು ನೆನೆಯಿರಿ. ‘ಕಬಡ್ಡಿ, ಕಬಡ್ಡಿ’ ಎಂದು ನುಡಿಯುತ್ತ ಅವನು ಉಸಿರನ್ನು ಹೊರಬಿಡುತ್ತಲೇ ಇರಬೇಕು. ಮತ್ತೆ ಉಸಿರೆಳೆಯಬೇಕೆಂಬ ತವಕವನ್ನು ಹುಟ್ಟಿಸುವುದು ಮುಖ್ಯವಾಗಿ ರಕ್ತದಲ್ಲಿ ಕೂಡುವ ಇಂಗಾಲದ ಡೈ ಆಕ್ಸೈಡು. ಸ್ನಾಯುಗಳು ಹೆಚ್ಚು ದುಡಿದಷ್ಟೂ ಅದು ಬೇಗ ಕೂಡುತ್ತದೆ. ಆದುದರಿಂದ ಊರಿನ ಅಂಗಳದಲ್ಲಿ ಉದ್ದವಾಗಿರುವ ಉಸಿರು ಮರಳಿನಲ್ಲಿ ಗಿಡ್ಡವಾಗುವುದು. ತಟ್ಟನೆ ತಿರುಗಿ ನಡುಗೆರೆಯತ್ತ ಹಾರುವಾಗಲೂ ಕಣಗಳು ಒಂದು ಕ್ಷಣವನ್ನು ಕದಿಯುತ್ತವೆ. ಹಿಡಿಯುವವರಿಗೆ ಆ ಕ್ಷಣವೇ ಸಾಕು.

ಹಿಡಿಯುವವರಿಗೆ ಮರಳು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಿದ್ದ ದೇಹ 2 ಸೆಂಟಿಮೀಟರಿನೊಳಗೆ ನಿಂತರೆ ಅದರ ಮೇಲಣ ವೇಗಕುಂದು ಗುರುತ್ವದ ನಲವತ್ತು ಪಟ್ಟಿನಷ್ಟು. 10 ಸೆಂಟಿಮೀಟರ್ ಹುಗಿದು ನಿಂತರೆ ಎಂಟು ಪಟ್ಟು ಮಾತ್ರ. ವೇಗದ ವರ್ಗವನ್ನು ದೂರದ ಇಮ್ಮಡಿಯಿಂದ ಭಾಗಿಸಿ ಇದನ್ನು ನೀವೇ ತಾಳೆ ನೋಡಬಹುದು. ಗರಡಿಮನೆಯ ಉಸ್ತಾದರು ಕೆಮ್ಮಣ್ಣನ್ನು ದಿನವೂ ಅಗೆದು ಸಡಿಲಿಸುವುದು ಈ ಲೆಕ್ಕದ ಮೇಲೆಯೇ. ಸೂತ್ರವನ್ನು ಅವರು ಬರೆದಿಡಲಿಲ್ಲ, ಅಷ್ಟೆ.

ಮರಳು ಎಲ್ಲ ಕಾಲಕ್ಕೂ ಒಂದೇ ಬಗೆಯದಲ್ಲ. ಒಣಗಿದಾಗ ಹರಿಯುತ್ತದೆ. ತುಸು ತೇವವಾದರೆ ಕಣಕಣಗಳ ನಡುವೆ ನೀರಿನ ಸೇತುವೆಗಳೇರ್ಪಟ್ಟು, ಅವುಗಳ ಮೇಲ್ಮೈ ಎಳೆತದಿಂದ ಬಿಗಿಯಾಗುತ್ತದೆ. ನೀರಿನಲ್ಲಿ ಪೂರ್ತಿ ಮುಳುಗಿದರೆ ಆ ಸೇತುವೆಗಳೇ ಇಲ್ಲವಾಗಿ ಬಿಗಿ ಕಳಚುತ್ತದೆ. ಹೊಳೆಯ ಒದ್ದೆ ದಂಡೆಯ ಮೇಲೆ ಹೆಜ್ಜೆಯಿಟ್ಟಾಗ ಪಾದದ ಸುತ್ತ ಮರಳು ಥಟ್ಟನೆ ಬೆಳ್ಳಗಾಗುವುದನ್ನು ನೀವು ಕಂಡಿರಬಹುದು. ಒತ್ತಿದಾಗ ನೀರು ಹಿಂಡಿ ಹೋಯಿತೆಂದು ತೋರುವುದು ಸಹಜ. ನಿಜ ಸಂಗತಿ ಅದಕ್ಕೆ ತಿರುಗುಮುರುಗು ಎಂದು 1885ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ತೋರಿಸಿಕೊಟ್ಟನು. ಒತ್ತಾಗಿ ಕೂತ ಕಣಗಳು ಸರಿಯಬೇಕಾದರೆ ಒಂದರ ಮೇಲೊಂದು ಏರಬೇಕು. ಏರಿದಾಗ ನಡುವಣ ತೆರಪು ಹಿಗ್ಗುತ್ತದೆ. ಮೇಲಿನ ನೀರು ಆ ತೆರಪಿಗೆ ಇಳಿಯುತ್ತದೆ. ಒಂದು ಬಲೂನಿನಲ್ಲಿ ಮರಳನ್ನೂ ನೀರನ್ನೂ ಗಾಳಿಯುಳಿಯದಂತೆ ತುಂಬಿ, ತಟ್ಟಿ ತಟ್ಟಿ ಕೂರಿಸಿ, ಬಾಯಿಗೆ ಗಾಜಿನ ಕೊಳವೆ ಕಟ್ಟಿ ಹಿಸುಕಿ ನೋಡಿ. ಕೊಳವೆಯ ನೀರು ಏರುವುದರ ಬದಲು ಇಳಿಯುವುದು!

ಎರೆಮಣ್ಣಿನಲ್ಲಿ ಇದೊಂದೂ ನಡೆಯದು. ಅದರ ಜೇಡಿಕಣಗಳು 0.002 ಮಿಲಿಮೀಟರಿಗಿಂತ ಸಣ್ಣವು, ಹಾಳೆಯಂತೆ ಚಪ್ಪಟೆಯಾದುವು. ಮಳೆಗೆ ಉಬ್ಬಿ ಕಾಲನ್ನು ಕಚ್ಚುತ್ತವೆ. ಬೇಸಗೆಯಲ್ಲಿ ಕುಗ್ಗಿ ಬಿರುಕುಬಿಟ್ಟು ಕಲ್ಲಾಗುತ್ತವೆ. ಇಂಥ ನೆಲದಲ್ಲಿ ಮಾತ್ರ ಆಡಿದ ಹುಡುಗನಾಗಲಿ ಹುಡುಗಿಯಾಗಲಿ ಆಯ್ಕೆಯ ದಿನ ಮೊದಲ ಬಾರಿಗೆ ಮರಳಿಗಿಳಿದರೆ ಸೋಲುವುದು ಸಾಮರ್ಥ್ಯದ ಕೊರತೆಯಿಂದಲ್ಲ, ಅಭ್ಯಾಸದ ಕೊರತೆಯಿಂದ.

ಹಾಗೆಂದು ಅಭ್ಯಾಸಕ್ಕಾಗಿ ಹೊಳೆಗೆ ಇಳಿಯಬಾರದು. ಮರಳು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ತಮ್ಮ ಆಳವನ್ನು ತೋರಿಸವು. ಹೊಳೆಯ ಮರಳನ್ನು ಹೇರಿ ತರುವುದೂ ತರವಲ್ಲ. ಅದಕ್ಕೆ ಸರ್ಕಾರದ ಅನುಮತಿ ಬೇಕು, ಮೇಲಾಗಿ ದಂಡೆಯ ಬಾವಿಗಳಿಗೆ ನೀರನ್ನು ಹಿಡಿದಿಡುವುದು ಆ ಮರಳೇ. ಬೀಚ್ ವಾಲಿಬಾಲಿಗೆ 40 ಸೆಂಟಿಮೀಟರ್ ಆಳದ ಮರಳಿರಬೇಕೆಂದು ವಿಧಿಸಿದ್ದಾರೆ. ಅದೇ ಆಳಕ್ಕೆ 10 ಮೀಟರ್ ಉದ್ದ, 6 ಮೀಟರ್ ಅಗಲದ ಅಂಕಣವನ್ನು ತುಂಬಲು 24 ಘನಮೀಟರ್, ಎಂದರೆ ಮೂವತ್ತೆಂಟು ಟನ್ನಿನಷ್ಟು ಮರಳು ಹಿಡಿಯುವುದು. ಶಾಲೆಗೆ ಅಷ್ಟು ಬೇಡ. 4 ಮೀಟರ್ ಉದ್ದ, 3 ಮೀಟರ್ ಅಗಲದ ಗುಂಡಿ ತಿರುಗುವುದನ್ನೂ ಬೀಳುವುದನ್ನೂ ಕಲಿಯಲು ಸಾಕು. ಎಂಟು ಟನ್ನಿನೊಳಗೆ ಮುಗಿಯುತ್ತದೆ. ಸಕ್ರಮವಾಗಿ ಕೊಂಡ ಮರಳನ್ನೇ ಹಾಕಿಸಬೇಕು. ಕಲ್ಲು ಒಡೆದು ಮಾಡಿದ ಎಂ-ಸ್ಯಾಂಡ್ ಕಟ್ಟಡಕ್ಕೆ ಒಳ್ಳೆಯದು, ಮೊಣಕಾಲಿಗಲ್ಲ. ಅದರ ಕಣಗಳ ಮೂಲೆಗಳು ಚರ್ಮವನ್ನು ತರಚುತ್ತವೆ.

ಗುಂಡಿ ಸಿದ್ಧವಾದ ದಿನ ಒಂದು ಅಳತೆಯನ್ನು ಮಾಡಿರಿ. ಒಬ್ಬನು ಗಟ್ಟಿ ನೆಲದ ಮೇಲೆ 3 ಮೀಟರ್ ದೂರವನ್ನು ಹತ್ತು ಬಾರಿ ಹೋಗಿ ಬರಲಿ. ಇನ್ನೊಬ್ಬನು ಚಪ್ಪಾಳೆ ಹಾಕಿ ವೇಗವನ್ನು ಒಂದೇ ಸಮನಾಗಿರಿಸಲಿ. ಕೂಡಲೇ 15 ಸೆಕೆಂಡುಗಳ ನಾಡಿಬಡಿತವನ್ನೆಣಿಸಿ, ಚೆನ್ನಾಗಿ ವಿಶ್ರಮಿಸಿದ ಮೇಲೆ ಅದನ್ನೇ ಮರಳಿನಲ್ಲಿ ಮಾಡಿಸಿರಿ. ಎರಡು ಅಂಕೆಗಳನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟು, ಒಂದು ತಿಂಗಳ ಅಭ್ಯಾಸವಾದ ಮೇಲೆ ಮತ್ತೊಮ್ಮೆ ಎಣಿಸಿರಿ.